ಸೆಲ್ವಿಯ ಬೆರಳುಚೀಲ

ಗುಂಡಿ ಹುಡುಕಲು ಹೋದಾಗ ಗುಂಡಿ ಸಿಗುವುದಿಲ್ಲ. ನನ್ನ ಹೊಲಿಗೆಯ ತಗಡು ಡಬ್ಬಿಯಲ್ಲಿ ಹುಕ್ಕು, ಪಿನ್ನು, ತುದಿ ಮುರಿದ ಸೂಜಿ, ಯಾರದೋ ರವಿಕೆಗೆ ತಂದು ಉಳಿದ ಲೇಸಿನ ಚೂರು, ಎಲ್ಲ ಇರುತ್ತದೆ. ಬೇಕಾದ ಬಣ್ಣದ ಗುಂಡಿ ಮಾತ್ರ ತಳದಲ್ಲಿ ಅಡಗಿರುತ್ತದೆ. ಮೊನ್ನೆ ಬೇಸರ ಬಂದು ಡಬ್ಬಿಯನ್ನು ಮೊರಕ್ಕೆ ಸುರಿದೆ. ಬೂದುಬಣ್ಣದ ಪುಟ್ಟ ಬಟ್ಟೆಯ ಟೋಪಿಯೊಂದು ಉರುಳಿ ಬಂತು. ಹೆಬ್ಬೆರಳಿಗೆ ತೊಡುವಂಥದ್ದು. ಫೋನಿನಲ್ಲಿ ಬಂದೂಕಿನಾಟ ಆಡುವವರು ಬೆವರಿಗೆ ಬೆರಳು ಜಾರದಿರಲೆಂದು ಇದನ್ನು ಹಾಕಿಕೊಳ್ಳುತ್ತಾರೆ. ಅಂಗಡಿಯವರ ಬಾಯಲ್ಲಿ ಇದು ಫಿಂಗರ್ ಸ್ಲೀವ್, ನನ್ನ ಬಾಯಲ್ಲಿ ಬೆರಳುಚೀಲ. ಇದು ನನ್ನದಲ್ಲ, ಸೆಲ್ವಿಯದು. ಅವಳು ಬಿಟ್ಟುಹೋಗಿ ತಿಂಗಳುಗಳಾದವು. ಶಂಕಗಿರಿಗೆ ಅಂಚೆಯಿದೆ, ನನ್ನ ಮೈದುನನ ಗಾಡಿ ಆಗಾಗ ಟೊಮೇಟೊ ಹೊತ್ತು ಆ ಕಡೆಗೇ ಹೋಗುತ್ತದೆ, ಆದರೂ ನಾನು ಕಳಿಸಿಲ್ಲ. ಕಳಿಸುವ ಯೋಚನೆಯೂ ಇಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಿ ಬರಬೇಕು, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಮೊದಲೇ ಒಂದು ಮಾತು. ತಮಿಳು ಸೀಮೆಯ ಮಾರಂಡಹಳ್ಳಿಯ ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದುವವಳು ನಾನೊಬ್ಬಳೇ. ಇಲ್ಲಿ ಕನ್ನಡ ಬಾಯಲ್ಲಿದೆ, ಪಾಟಿಯ ಮೇಲೆ ತಮಿಳಿದೆ. ನನ್ನನ್ನು ಮಾತ್ರ ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಓದಿಸಿದ್ದರಿಂದ ಈ ಅಕ್ಷರ ಹತ್ತಿತು. ಹಾಗಾಗಿ ನಾನು ಬರೆದಿಟ್ಟದ್ದನ್ನು ನನ್ನ ಗಂಡ ಓದಲಾರ, ತಮಿಳು ಶಾಲೆಗೆ ಹೋಗುವ ಮಗಳು ಓದಲಾರಳು, ಅತ್ತೆ ಓದಲಾರರು, ಸೆಲ್ವಿಯಂತೂ ಸುತರಾಂ ಓದಲಾರಳು. ಮನೆಯಲ್ಲಿ ಗಂಡನನ್ನು ಹೆಸರು ಹಿಡಿದು ಕರೆಯುವ ಧೈರ್ಯ ನನಗಿಲ್ಲ. ಇಲ್ಲಿ ಮಾದೇಶ ಎಂದು ರಾಜಾರೋಷವಾಗಿ ಬರೆಯುತ್ತೇನೆ. ಹೊಟ್ಟೆಕಿಚ್ಚಿನ ವಿಷಯ ಬರೆಯಲು ಇದಕ್ಕಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ.

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದದ್ದು, ಕೆಲವರಿಗೆ ನೆಗಡಿ ಬರುವ ಹಾಗೆ. ನನ್ನ ತವರು ಹರೂರಿನಿಂದ ಸೇಲಂಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ನನ್ನ ಅಕ್ಕನಿಗೆ ಸಿಕ್ಕಿದರೆ, ನಾನು ಸೇಲಂ ಬರುವವರೆಗೂ ಕಣ್ಣು ಮುಚ್ಚಿ ಕೂರುತ್ತಿದ್ದೆ. ಅವಳು ನೋಡಿದ್ದನ್ನು ಎರಡನೆಯವಳಾಗಿ ನೋಡುವುದು ನನಗೆ ಬೇಡವಾಗಿತ್ತು. ಅಕ್ಕನಿಗೆ ಜ್ವರ ಬಂದು ಅಮ್ಮ ಅವಳ ಹಣೆಗೆ ಕೈಯಿಟ್ಟರೆ ನನ್ನ ಹಣೆಯೂ ಬಿಸಿಯಾಗುತ್ತಿತ್ತು. ಅಪ್ಪ ಮುಟ್ಟಿ ನೋಡಿ, ಇದಕ್ಕೆ ಮಾತ್ರೆ ಇಲ್ಲ ಎಂದು ನಗುತ್ತಿದ್ದರು.

ಆ ಅಪ್ಪನಿಗೆ ಕುರಿಮಂದೆಯೂ ಇತ್ತು, ಮಳೆ ನಂಬಿದ ತುಂಡು ಹೊಲವೂ ಇತ್ತು. ಜೋಳ ಹಾಲುಗಟ್ಟುವ ಕಾಲಕ್ಕೆ ರಜೆಯೆಂದು ನಾನು ಊರಿಗೆ ಬಂದಿರುತ್ತಿದ್ದೆ. ಹಕ್ಕಿ ಓಡಿಸಲು ನಮ್ಮಿಬ್ಬರನ್ನೂ ಹೊಲದ ಎರಡು ಅಟ್ಟಣೆಗಳ ಮೇಲೆ ಕೂರಿಸುತ್ತಿದ್ದರು. ಕೈಯಲ್ಲಿ ಕವಣೆ, ಮಡಿಲಲ್ಲಿ ಕಲ್ಲು. ಕವಣೆ ಬೀಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಗಿಳಿ ಹಿಂಡು ಕಣ್ಣಿಗೆ ಬಿದ್ದಿತೋ ಇಲ್ಲವೋ, ನನ್ನ ಕಲ್ಲು ಹಾರಿರುತ್ತಿತ್ತು. ಆಮೇಲೆ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ತಗುಲಿತೋ ಇಲ್ಲವೋ ಎಂದು ನೋಡುತ್ತಿದ್ದೆ. ನೋಡುತ್ತಾ ನಿಂತಾಗ ಇನ್ನೊಂದು ಹಿಂಡು ನನ್ನ ಬೆನ್ನ ಹಿಂದೆ ಇಳಿದು ತಿನ್ನುತ್ತಿತ್ತು. ಅಕ್ಕ ಇಡೀ ಬೆಳಗು ಕಲ್ಲು ತುಂಬಿದ ಕವಣೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಕೊಯ್ಲಿನಲ್ಲಿ ಅವಳ ಕಡೆಯ ತೆನೆಯೇ ತುಂಬಿರುತ್ತಿತ್ತು. ಅಪ್ಪ ಅವಳನ್ನು ಹೊಗಳಿದರು. ಕಲ್ಲು ಖಾಲಿ ಮಾಡಿದವಳು ನಾನು, ತೋಳು ನೋವು ನನ್ನದು, ಹೊಗಳಿಕೆ ಅವಳಿಗೆ. ಆ ಅನ್ಯಾಯವನ್ನು ನಾನು ಇಂದಿಗೂ ಮರೆತಿಲ್ಲ.

ಇನ್ನು ಆಟಕ್ಕೆ ಬರುತ್ತೇನೆ. ಮಾದೇಶ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವವನು. ಕೋಳಿ ಕೂಗುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುತ್ತಾನೆ. ಬೆಳಗೆಲ್ಲ ಬೆಲೆ ಕೂಗಿ ಕೂಗಿ, ಬಾಗಿಲಿಗೆ ಬರುವ ಹೊತ್ತಿಗೆ ಅವನ ಮಾತೆಲ್ಲ ಖರ್ಚಾಗಿರುತ್ತದೆ. ಅವನ ತಮ್ಮ ಬೀರೇಶ, ನಮ್ಮ ಕಡೆ ಚಿನ್ನ ಯಾನೈ, ಅಂದರೆ ಪುಟ್ಟ ಆನೆ, ಎಂದು ಕರೆಯುವ ಸಣ್ಣ ಸರಕು ಗಾಡಿ ಓಡಿಸುತ್ತಾನೆ. ಉಂಡ ಮೇಲೆ ಅಣ್ಣತಮ್ಮ ಗೋಡೆಗೆ ಒರಗಿ ಫೋನು ಹಿಡಿದರೆ ಮುಗಿಯಿತು, ಮನೆಯಲ್ಲಿ ಗುಂಡಿನ ಸದ್ದು. ಹೊಸದಾಗಿ ಬಂದ ನಾನು ಮಿಷಿನ್ ತುಳಿಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಇವರಿಬ್ಬರೇ ನಗುತ್ತಾರಲ್ಲ ಎಂದು ಹೊಟ್ಟೆ ಉರಿದದ್ದೇ ನಾನು ಆಟ ಕಲಿಯಲು ಕಾರಣ.

ಆಡದವರಿಗೆ ಹೇಳುತ್ತೇನೆ. ನಾಲ್ವರ ತಂಡ. ವಿಮಾನದಿಂದ ಒಂದು ದ್ವೀಪಕ್ಕೆ ಹಾರಬೇಕು, ಖಾಲಿ ಮನೆಗಳಲ್ಲಿ ಬಿದ್ದಿರುವ ಬಂದೂಕು, ಮದ್ದು ಆರಿಸಿಕೊಳ್ಳಬೇಕು, ಬೇರೆ ತಂಡಗಳನ್ನು ಹೊಡೆದು ಕೊನೆಗೆ ಉಳಿಯಬೇಕು. ಸುತ್ತಲೂ ಒಂದು ವೃತ್ತ ಕಿರಿದಾಗುತ್ತಾ ಬರುತ್ತದೆ, ಹೊರಗೆ ಉಳಿದವರು ಸಾಯುತ್ತಾರೆ. ತಂಡದಲ್ಲಿ ಮೂವರು ಮುಂದೆ ನುಗ್ಗಿದರೆ, ಒಬ್ಬರು ಹಿಂದೆ ದಿಬ್ಬದ ಮೇಲೆ ಉದ್ದ ಬಂದೂಕು ಹಿಡಿದು ಮಲಗುತ್ತಾರೆ. ಅವರು ಸ್ನೈಪರ್. ದೂರದಲ್ಲಿರುವವರನ್ನು ಒಂದೇ ಗುಂಡಿಗೆ ಕೆಡವುವುದು ಅವರ ಕೆಲಸ. ಗುಂಡು ದೂರ ಹೋದಂತೆ ಕೆಳಗೆ ಬೀಳುತ್ತದೆ, ಆದ್ದರಿಂದ ತಲೆಗಿಂತ ಮೇಲಕ್ಕೆ ಗುರಿಯಿಡಬೇಕು. ಓಡುವವನಿದ್ದರೆ ಅವನು ಹೋಗಿ ಸೇರುವ ಜಾಗಕ್ಕೆ ಹೊಡೆಯಬೇಕು. ಇದನ್ನು ಬೀರೇಶ ಬಹಳ ಕಷ್ಟಪಟ್ಟು ವಿವರಿಸುತ್ತಿದ್ದ. ನನಗೆ ನಗು ಬಂತು. ಹಾರುವ ಗಿಳಿಯ ಮುಂದಕ್ಕೆ ಕವಣೆ ಬೀಸಿದವಳಿಗೆ ಇದನ್ನು ಹೇಳಿಕೊಡಬೇಕೇ? ಮೊದಲ ವಾರದಲ್ಲೇ ಆ ಉದ್ದ ಬಂದೂಕು ನನ್ನದಾಯಿತು.

ಬಂದೂಕಿಗಿಂತ ಮುಖ್ಯವಾದದ್ದು ಅದರ ಮೇಲೆ ಕೂರಿಸುವ ದುರ್ಬೀನು. ಎಂಟುಪಟ್ಟು ಹತ್ತಿರ ತೋರಿಸುವಂಥದ್ದು. ಇವರೆಲ್ಲ ಸ್ಕೋಪು ಎನ್ನುತ್ತಾರೆ. ಅದು ಸುಲಭಕ್ಕೆ ಸಿಗುವುದಿಲ್ಲ, ಎಷ್ಟೋ ಆಟಗಳಲ್ಲಿ ಒಂದೂ ಸಿಗುವುದಿಲ್ಲ. ಸಿಕ್ಕಿದವರು ತಾವಿಟ್ಟುಕೊಳ್ಳಬಹುದು, ಇಲ್ಲವೇ ತಂಡದ ಇನ್ನೊಬ್ಬರ ಕಾಲ ಬಳಿ ಇಡಬಹುದು. ಮಾದೇಶನಿಗೆ ಯಾವ ಮನೆಯಲ್ಲಾದರೂ ಅದು ಸಿಕ್ಕಿದರೆ, ಬಯಲಿನಲ್ಲಿ ಗುಂಡು ಹಾರುತ್ತಿದ್ದರೂ ಓಡಿ ಬಂದು ನನ್ನ ಕಾಲ ಬಳಿ ಇಟ್ಟು, "ತಗ," ಎನ್ನುತ್ತಿದ್ದ. ಅಷ್ಟೇ ಮಾತು. ಹೂವು ತಾ ಎಂದರೆ ತರುತ್ತಾನೆ, ಹೇಳದಿದ್ದರೆ ಮರೆಯುತ್ತಾನೆ. ಸೀರೆಯ ಬಣ್ಣ ಕೇಳಿದರೆ ಎಲ್ಲಕ್ಕೂ ಚೆನ್ನಾಗಿದೆ ಎನ್ನುತ್ತಾನೆ. ಆದರೆ ಯಾರೂ ಹೇಳದೆ, ಪ್ರಾಣ ಲೆಕ್ಕಿಸದೆ, ಅವನು ನನಗೆ ತಂದುಕೊಟ್ಟದ್ದು ಆ ಸ್ಕೋಪು. ಸುಳ್ಳು ಪ್ರಾಣವೇ ಇರಬಹುದು, ಸುಳ್ಳು ಬಯಲೇ ಇರಬಹುದು, ನನಗೆ ಸಂತೋಷವಾಗುತ್ತಿತ್ತು. ಮದುವೆಯಾಗಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತಿದ್ದದ್ದು ಆ ಹೊತ್ತಿನಲ್ಲೇ.

ಈಗ ಸೆಲ್ವಿ. ಅವಳು ನನ್ನ ಅತ್ತೆಯ ಅಣ್ಣನ ಮಗಳು, ಅಂದರೆ ಮಾದೇಶನಿಗೆ ಸೋದರಮಾವನ ಮಗಳು, ವರಸೆಯ ಹೆಣ್ಣು. ನಮ್ಮ ಜನದಲ್ಲಿ ಅಂಥ ಹೆಣ್ಣಿಗೆ ಗಂಡಿನ ಮೇಲೆ ಮೊದಲ ಹಕ್ಕು. ಆ ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೆ ಎರಡು ಕತೆಗಳಿವೆ. ಜಾತಕ ಕೂಡಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಸೆಲ್ವಿಯ ಅಪ್ಪ ಲಾರಿ ಇರುವ ಮನೆಯೇ ಬೇಕೆಂದು ಹಟ ಹಿಡಿದ ಎಂದು ಊರವರು ಹೇಳುತ್ತಾರೆ. ಜಾತಕದ ಕತೆ ನಿಜವಾದರೆ ಇಬ್ಬರಿಗೂ ಮನಸ್ಸಿತ್ತು ಎಂದಾಯಿತು. ಲಾರಿಯ ಕತೆ ನಿಜವಾದರೆ ಅವರಿಗೆ ಬೇಡವಾದದ್ದು ನನಗೆ ಸಿಕ್ಕಿತು ಎಂದಾಯಿತು. ಯಾವುದನ್ನು ನಂಬಿದರೂ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ವರಸೆಯ ಹೆಣ್ಣನ್ನು ಬಿಟ್ಟು ಹೊರಗಿನಿಂದ ಹೆಣ್ಣು ತಂದರೆ ನಮ್ಮಲ್ಲೊಂದು ಪದ್ಧತಿಯಿದೆ. ತಾಳಿಗೆ ಮುಂಚೆ ಮದುಮಗಳೇ ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ಸೀರೆ ಇಟ್ಟು ಆ ಹುಡುಗಿಯ ಕೈಗೆ ಕೊಡಬೇಕು. ಅವಳು ತಟ್ಟೆ ತೆಗೆದುಕೊಂಡು ತನ್ನ ಹಕ್ಕು ಬಿಟ್ಟೆನೆಂದು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಆಗ ಸೆಲ್ವಿಗೆ ಇನ್ನೂ ಮದುವೆಯಾಗಿರಲಿಲ್ಲ. ಅತ್ತೆ ಆರಿಸಿ ತಂದಿದ್ದ ಆ ಸೀರೆಯ ಅಂಚು ನನ್ನ ಮುಹೂರ್ತದ ಸೀರೆಯ ಅಂಚಿಗಿಂತ ಅಗಲವಾಗಿತ್ತು. ತಟ್ಟೆ ಹಿಡಿದಾಗಲೇ ನಾನದನ್ನು ಗಮನಿಸಿದ್ದೆ. ಸೆಲ್ವಿ ನಗುನಗುತ್ತಾ ತಟ್ಟೆ ಇಸಿದುಕೊಂಡಳು. ನನ್ನ ಮುಖ ನೋಡಿ, "ನಾ ಬುಟ್ಟೆ ಕಣಕ್ಕ, ನೀ ತಗೊಂಡೋಗು," ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಮದುವೆಯ ದಿನ ಇನ್ನೇನು ಮಾಡಲಿ. ಆದರೆ ಒಬ್ಬರು ಬಿಟ್ಟುಕೊಟ್ಟ ಮೇಲೆ ತೆಗೆದುಕೊಂಡೆನಲ್ಲ ಎಂಬ ಮುಳ್ಳು ಅವತ್ತೇ ಹೊಕ್ಕಿತು.

ಅವಳು ಮಾದೇಶನನ್ನು ಭಾವ ಎನ್ನುತ್ತಾಳೆ. ನನ್ನ ಅತ್ತೆ ಅವಳಿಗೂ ಅತ್ತೆಯೇ. ನನ್ನನ್ನು ಅಕ್ಕ ಎನ್ನುತ್ತಾಳೆ. ಒಂದೊಂದೂ ಸರಿಯಾದ ಕರೆಯೇ, ಯಾರೂ ತಪ್ಪು ಹಿಡಿಯುವಂತಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರಲ್ಲಿ ಕಿರಿಯವಳ ಹಾಗೆ ಕೇಳಿಸುತ್ತದೆ. ನಾನು ಒಂದು ಸಲ ಅತ್ತೆಯ ಹತ್ತಿರ, ನನ್ನನ್ನು ಅಕ್ಕ ಎನ್ನುವ ಬದಲು ಹೆಸರು ಹಿಡಿದು ಕರೆಯಲಿ ಎಂದು ಹೇಳಿನೋಡಿದೆ. ದೊಡ್ಡವಳನ್ನು ಹೆಸರು ಹಿಡಿದು ಕರೆದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ಅವರು ನನ್ನನ್ನೇ ಗದರಿದರು.

ಸೆಲ್ವಿಯನ್ನು ಶಂಕಗಿರಿಯ ಲಾರಿ ಮನೆಗೆ ಕೊಟ್ಟರು. ಗಂಡ ಲಾರಿಯ ಜೊತೆ ದೇಶ ಸುತ್ತುತ್ತಾನೆ. ದೂರ ಹೋಯಿತು ಪೀಡೆ ಎಂದು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಒಂದು ಮಧ್ಯಾಹ್ನ ನಮ್ಮ ತಂಡಕ್ಕೆ ನಾಲ್ಕನೆಯವರು ಬೇಕಾದರು. ಗೊತ್ತಿಲ್ಲದ ಹುಡುಗರು ಸೇರಿಕೊಂಡರೆ ತಮಿಳಿನಲ್ಲಿ ಬೈಯುತ್ತಾರೆಂದು ಬೀರೇಶ ಯಾರಿಗೋ ಫೋನು ಮಾಡಿದ. ಆಟ ಶುರುವಾದಾಗ, ತಂಡದವರ ಮಾತು ಕೇಳಲು ಸಿಕ್ಕಿಸಿಕೊಂಡ ಇಯರ್‌ಫೋನಿನಿಂದ, ನನ್ನ ಕಿವಿಯೊಳಗೇ ಅವಳ ದನಿ ಕೇಳಿತು. "ಅಕ್ಕಾ, ನಾನೂ ಬಂದೆ." ಶಂಕಗಿರಿಯಷ್ಟು ದೂರ ಕೊಟ್ಟ ಹೆಣ್ಣು ನನ್ನ ಕಿವಿಯೊಳಗೆ ಬಂದು ಕೂತಿದ್ದಳು.

ಅವಳೂ ಉದ್ದ ಬಂದೂಕನ್ನೇ ಎತ್ತಿಕೊಂಡಳು. ಮೊದಮೊದಲು ನಾನು ಒಳಗೊಳಗೇ ನಗುತ್ತಿದ್ದೆ, ಯಾಕೆಂದರೆ ಅವಳು ಹೊಡೆಯುತ್ತಲೇ ಇರಲಿಲ್ಲ. ನನ್ನ ಬಂದೂಕು ಢಂ ಢಂ ಎನ್ನುತ್ತಿದ್ದರೆ ಅವಳದು ನಿದ್ದೆಯಲ್ಲಿತ್ತು. ಆದರೆ ಆಟ ಮುಗಿದಾಗ ಯಾರು ಎಷ್ಟು ಜನರನ್ನು ಕೆಡವಿದರು ಎಂದು ತೋರಿಸುತ್ತದಲ್ಲ, ಅಲ್ಲಿ ಅವಳ ಹೆಸರು ನನ್ನ ಹೆಸರಿನ ಮೇಲಿರುತ್ತಿತ್ತು. ಮರುದಿನವೂ ಹಾಗೇ, ಆಮೇಲೂ ಹಾಗೇ. ನಾನು ಬೇಗ ಸಾಯುತ್ತಿದ್ದೆ. ಸತ್ತವರು ಉಳಿದವರ ಕಣ್ಣಿನಿಂದ ಆಟ ನೋಡುತ್ತಾ ಕೂರಬಹುದು. ನಾನು ಫೋನು ಮಗುಚಿಟ್ಟು ರವಿಕೆಯ ತೋಳು ಹೊಲಿಯುತ್ತಿದ್ದೆ. ಕಿಟಕಿಯ ಸೀಟು ಇನ್ನೊಬ್ಬರಿಗೆ ಸಿಕ್ಕಿದ ಮೇಲೆ ಕಣ್ಣು ಮುಚ್ಚಿಕೊಳ್ಳುವುದು ನನ್ನ ಹಳೆಯ ಅಭ್ಯಾಸ.

ಹಾಗಿರುವಾಗ ಒಂದು ದಿನ ಮಾದೇಶನಿಗೆ ಸ್ಕೋಪು ಸಿಕ್ಕಿತು. ನನಗೆ ಗೊತ್ತಾಯಿತು, ಯಾಕೆಂದರೆ ಅವನು ಯಾವುದೋ ಮನೆಯಿಂದ ಹೊರಬಿದ್ದು ಬಯಲಿಗೆ ಓಡಿದ. ನಾನು ಪೊದೆಯ ಹಿಂದೆ ಜಾಗ ಮಾಡಿಕೊಂಡು ಕೂತೆ. ಅವನು ನನ್ನನ್ನು ದಾಟಿ ಹೋದ. ಆಚೆ ಬಂಡೆಯ ಮೇಲಿದ್ದ ಸೆಲ್ವಿಯ ಕಾಲ ಬಳಿ ಅದನ್ನು ಇಟ್ಟು, "ತಗ," ಎಂದ. ಅದೇ ದನಿ, ಅದೇ ಒಂದು ಮಾತು.

ಅವತ್ತಿನ ರಾಗಿ ಮುದ್ದೆಯಲ್ಲಿ ಗಂಟು ಉಳಿಯಿತು, ಮರುದಿನದ ಸಾರಿಗೆ ಉಪ್ಪು ಹೆಚ್ಚಾಯಿತು. ನಾನು ಮುಖ ಊದಿಸಿಕೊಂಡು ತಿರುಗುವುದನ್ನು ನೋಡಿ ಅತ್ತೆ ಹಲ್ಲುನೋವೇ ಎಂದು ಕೇಳಿದರು. ಮಾದೇಶ ಗಂಟು ಮುದ್ದೆಯನ್ನು ಸದ್ದಿಲ್ಲದೆ ನುಂಗಿದ. ಆ ಸದ್ದಿಲ್ಲದಿರುವಿಕೆಯೇ ನನ್ನನ್ನು ಕೆರಳಿಸಿ, ಕೊನೆಗೆ ನಾನೇ ಬಾಯಿಬಿಟ್ಟೆ. ಸ್ಕೋಪು ಅವಳಿಗೆ ಯಾಕೆ ಎಂದೆ. ಅವನು ಕೈ ತೊಳೆದುಕೊಂಡು, ಒರೆಸಿಕೊಂಡು, ಯೋಚಿಸಿ ಹೇಳಿದ.

"ಅವ್ಳು ಕಾಯ್ತಾಳೆ. ನೀ ಅವಸ್ರ ಪಡ್ತೀಯ."

ಸುಂದರಿ ಎಂದಿದ್ದರೆ ಸಹಿಸುತ್ತಿದ್ದೆ, ಜಾಣೆ ಎಂದಿದ್ದರೂ ಸಹಿಸುತ್ತಿದ್ದೆ. ಕಾಯುತ್ತಾಳಂತೆ. ಯಾರಿಗೆ ಕಾಯುತ್ತಾಳೆ ಎಂದು ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಪಾಪ, ಅವನು ಆಟದ ಮಾತನ್ನಷ್ಟೇ ಆಡಿದ್ದ.

ಅಲ್ಲಿಂದ ನನ್ನ ತಪಸ್ಸು ಶುರುವಾಯಿತು. ಮಗಳನ್ನು ಸ್ಕೂಲಿಗೆ ಕಳಿಸಿ, ಗಿರಾಕಿಗಳ ರವಿಕೆಗಳನ್ನು ಬದಿಗೆ ಸರಿಸಿ, ಅಭ್ಯಾಸದ ಬಯಲಿಗೆ ಇಳಿದು ಒಬ್ಬಳೇ ಹೊಡೆಯುತ್ತಿದ್ದೆ. ದೊಡ್ಡ ಆಟಗಾರರು ಮಾತಾಡುವ ವಿಡಿಯೋ ನೋಡಿದೆ. ಎಲ್ಲರೂ ಹೇಳುವುದು ಒಂದೇ. ಮೊದಲು ಬರಿಗಣ್ಣಿನಲ್ಲಿ ಸುತ್ತ ನೋಡು, ಆಮೇಲೆ ಸ್ಕೋಪಿಗೆ ಕಣ್ಣಿಡು. ಸ್ಕೋಪಿನ ಗಾಜು ಬಿಸಿಲಿಗೆ ಹೊಳೆದು ನಿನ್ನ ಜಾಗವನ್ನು ತೋರಿಸಿಕೊಡುತ್ತದೆ. ಒಂದು ಗುಂಡು ಹಾರಿಸಿದ ಮೇಲೆ ಅಲ್ಲಿರಬೇಡ, ತೆವಳಿ ಬೇರೆ ಕಡೆಗೆ ಹೋಗು. ಕಂಡವರನ್ನೆಲ್ಲ ಹೊಡೆಯಬೇಡ, ನಿನ್ನವರಿಗೆ ಅಪಾಯ ಮಾಡುವವನನ್ನು ಹೊಡೆ. ಎಲ್ಲ ಅರ್ಥವಾಯಿತು. ಆದರೆ ಆಟಕ್ಕಿಳಿದರೆ ನನ್ನ ಕಣ್ಣು ಶತ್ರುವಿನ ಮೇಲೆ ನಿಲ್ಲುತ್ತಿರಲಿಲ್ಲ. ಮಾದೇಶ ಎಲ್ಲಿದ್ದಾನೆ, ಸೆಲ್ವಿ ಎಲ್ಲಿದ್ದಾಳೆ, ಇಬ್ಬರ ನಡುವೆ ಎಷ್ಟು ದೂರ ಎಂದು ನೋಡುತ್ತಿದ್ದೆ. ಸಣ್ಣ ಕಿಂಡಿಯಲ್ಲಿ ಒಂದನ್ನೇ ದಿಟ್ಟಿಸುವವಳಿಗೆ ಪಕ್ಕದಿಂದ ಬರುವವನು ಕಾಣುವುದಿಲ್ಲ. ಮೊದಲಿಗಿಂತಲೂ ಬೇಗ ಸಾಯತೊಡಗಿದೆ.

ಆ ಬೇಸಿಗೆಯಲ್ಲಿ ಅತ್ತೆಯ ಮಂಡಿ ಊದಿಕೊಂಡಿತು. ನೋಡಿಹೋಗಲು ಸೆಲ್ವಿ ಬಂದಳು, ಸೇಲಂ ಮಾವಿನಹಣ್ಣಿನ ಬುಟ್ಟಿ ಹೊತ್ತುಕೊಂಡು. ಅತ್ತೆಯ ಕಾಲು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಳು. ದಿನಾ ತಿಕ್ಕುವವಳು ನಾನು, ಒಂದು ದಿನ ತಿಕ್ಕಿದವಳ ಕೈಗುಣವನ್ನು ಅತ್ತೆ ಬೀದಿಯವರಿಗೆಲ್ಲ ಹೇಳಿದರು. ಹಣ್ಣು ನಿಜಕ್ಕೂ ಸಿಹಿಯಾಗಿತ್ತು. ಸ್ವಲ್ಪ ಹುಳಿ ಎಂದು ಹೇಳಿ ನಾನು ಎರಡು ತಿಂದೆ.

ಊಟವಾದ ಮೇಲೆ ನಾಲ್ವರೂ ಒಂದೇ ಕೋಣೆಯಲ್ಲಿ ಆಡಲು ಕೂತೆವು. ಅವಳ ಫೋನು ನನ್ನದಕ್ಕಿಂತ ಹಳೆಯದು, ಮೂಲೆಯಲ್ಲಿ ಗಾಜು ಸೀಳಿತ್ತು. ಇಷ್ಟು ದಿನ ಒಳ್ಳೆಯ ಫೋನಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ, ಅದೂ ಹೋಯಿತು. ಅವಳು ಹೊಸಿಲ ಬಳಿ ಕೂತು ಹೆಬ್ಬೆರಳಿಗೆ ಬೂದು ಚೀಲ ತೊಟ್ಟುಕೊಂಡಳು. ಆಟದಲ್ಲಿ ನಾನು ಒಂದು ದಿಬ್ಬ ಹಿಡಿದೆ. ಎದುರಿನ ಮನೆಯಿಂದ ಒಬ್ಬ ಇಣುಕಿದ, ಹೊಡೆದೆ. ಬಿದ್ದನೋ ಇಲ್ಲವೋ ಎಂದು ನೋಡುತ್ತಾ, ನೀರು ಕುಡಿಯುವ ನೆಪದಲ್ಲಿ ಎದ್ದು, ಫೋನು ಕೈಯಲ್ಲೇ ಹಿಡಿದು ಸೆಲ್ವಿಯ ಬೆನ್ನ ಹಿಂದೆ ಹೋಗಿ ನಿಂತೆ. ಅವಳು ಯಾರಿಗೆ ಗುರಿಯಿಟ್ಟಿದ್ದಾಳೆ ಎಂದು ನೋಡಬೇಕಿತ್ತು.

ಅವಳ ಸ್ಕೋಪಿನ ನಡುವೆ ನಾನಿದ್ದೆ. ನನ್ನ ಆಟದ ಬೊಂಬೆಗೆ ನಾನು ಕೆಂಪು ಅಂಗಿ ತೊಡಿಸಿದ್ದೆ. ಆ ಕೆಂಪು ಅಂಗಿ ದಿಬ್ಬದ ಮೇಲೆ ಬೆನ್ನು ಮಾಡಿ ಮಲಗಿತ್ತು. ಗುರಿಯ ಗೆರೆ ನನ್ನ ಬೆನ್ನಿನಿಂದ ಕೂದಲೆಳೆಯಷ್ಟೇ ಆಚೆಗಿತ್ತು. ನನ್ನ ಮೇಲೆ ಯಾಕೆ ಗುರಿಯಿಟ್ಟಿದ್ದೀಯ ಎಂದು ಕೇಳಿದೆ. ಅವಳು ತಿರುಗಿ ನೋಡಲಿಲ್ಲ.

"ನೀ ಒಡ್ದ್ ಮ್ಯಾಲೂ ಅಲ್ಲೇ ಇರ್ತೀಯಲ್ಲಕ್ಕ, ಬಿತ್ತಾ ಇಲ್ವಾ ಅಂತ ನೋಡ್ಕಂಡು. ನಿನ್ನ ಒಡಿಯಾಕೆ ಯಾರಾರ ಬಂದೇ ಬತ್ತಾರೆ. ಬಂದಾಗ ನಾ ಅವ್ರನ್ನ ಒಡೀತೀನಿ."

ಹೇಳುತ್ತಿರುವಾಗಲೇ ನನ್ನ ದಿಬ್ಬದ ಹಿಂದಿನಿಂದ ಒಬ್ಬ ಬಗ್ಗಿಕೊಂಡು ಬಂದ. ಬೂದು ಹೆಬ್ಬೆರಳು ಒಂದು ಸಲ ಕದಲಿತು. ಅವನು ಬಿದ್ದ. ಅವಳು ಆಗಲೇ ಬಂಡೆಯಿಂದ ಇಳಿದು ಬೇರೆ ಬಂಡೆಯ ಕಡೆ ತೆವಳುತ್ತಿದ್ದಳು.

"ನೀ ಇಲ್ದಿದ್ರೆ ನಂಗೆ ಒಬ್ನೂ ಬೀಳಲ್ಲ ಕಣಕ್ಕ," ಎಂದಳು, ಉಪಕಾರ ಸ್ಮರಿಸುವ ದನಿಯಲ್ಲಿ.

ಚಿರತೆ ಹಿಡಿಯಲು ಬೋನಿನಲ್ಲಿ ಮೇಕೆ ಕಟ್ಟುತ್ತಾರಲ್ಲ, ಇಷ್ಟು ದಿನ ಆ ಮೇಕೆ ನಾನಾಗಿದ್ದೆ. ಅವಳ ಹೆಸರಿನ ಮುಂದೆ ಬಂದ ಎಣಿಕೆಯೆಲ್ಲ ನನ್ನನ್ನು ಕೊಲ್ಲಲು ಬಂದವರದು. ಅವಳು ನನ್ನನ್ನು ಕಾಪಾಡಿದ್ದಳು ಎಂಬುದೂ ನಿಜ. ಎಷ್ಟೋ ಸಲ ನಾನು ಇನ್ನೂ ಬೇಗ ಸಾಯಬೇಕಿತ್ತು. ಆದರೆ ಹೊಟ್ಟೆಕಿಚ್ಚು ಇರುವವಳಿಗೆ ಉಪಕಾರದಷ್ಟು ಕಷ್ಟದ ಪದಾರ್ಥ ಬೇರೊಂದಿಲ್ಲ. ಬೈಯುವಂತಿಲ್ಲ, ನುಂಗುವಂತಿಲ್ಲ. ನೀರು ಕುಡಿಯಲು ಎದ್ದವಳು ನಿಜಕ್ಕೂ ಎರಡು ಲೋಟ ಕುಡಿದೆ.

ಮರುದಿನ ಅವಳು ಬಸ್ಸು ಹತ್ತಿದಳು. ಕಸ ಗುಡಿಸುವಾಗ ಹೊಲಿಗೆ ಮಿಷಿನ್ನಿನ ಪೆಡಲಿನ ಕೆಳಗೆ ಈ ಬೆರಳುಚೀಲ ಸಿಕ್ಕಿತು. ಎತ್ತಿ ಡಬ್ಬಿಗೆ ಹಾಕಿದೆ. ಆಗಿನ್ನೂ ಕೊಟ್ಟುಬಿಡುವ ಮನಸ್ಸೇ ಇತ್ತು.

ಕೆಲವು ದಿನಗಳಾದ ಮೇಲೆ, ಮಾಮೂಲಿನಂತೆ ನಾಲ್ವರೂ ಆಡುತ್ತಿದ್ದಾಗ ಮಾದೇಶ ಒಂದು ಗೋದಾಮಿನಿಂದ ಹೊರಬಿದ್ದು ಬಯಲಿಗೆ ಓಡಿದ. ಸ್ಕೋಪು ಎಂದು ತಿಳಿಯಿತು. ನಾನು ಬೇಕೆಂದೇ ಮುಖ ತಿರುಗಿಸಿದೆ. ಅವನು ನೇರ ನನ್ನ ಕಡೆಗೇ ಬಂದು ಕಾಲ ಬಳಿ ಅದನ್ನಿಟ್ಟು, "ತಗ," ಎಂದ. ಸುಮ್ಮನೆ ತೆಗೆದುಕೊಂಡಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಸುಮ್ಮನಿರುವಂಥದ್ದೇ? ಅವಳಿಗೆ ಬೇಡವಾ ಎಂದು ಕೇಳಿಯೇಬಿಟ್ಟೆ.

"ಅವ್ಳೇ ಯೋಳಿದ್ಲು," ಎಂದ ಮಾದೇಶ, "ಅಕ್ಕಂಗೆ ಕೊಡು ಬಾವ, ನಾ ಬುಟ್ಟೆ ಅಂತ."

ವೃತ್ತ ಕಿರಿದಾಗುತ್ತಿತ್ತು. ಬೀರೇಶ ಸೀಕ್ರಮ್ ಸೀಕ್ರಮ್ ಎಂದು ತಮಿಳಿನಲ್ಲಿ ಅವಸರಪಡಿಸುತ್ತಿದ್ದ. ನಾನು ಕಾಲ ಬಳಿಯ ಸ್ಕೋಪನ್ನು ನೋಡುತ್ತಾ ನಿಂತಿದ್ದೆ. ಗಂಡನೂ ಹೀಗೇ ಬಂದಿದ್ದ, ಅವಳು ಬಿಟ್ಟ ಮೇಲೆ. ನನ್ನದು ಎಂದು ನಾನು ಹಿಡಿದುಕೊಂಡ ಒಂದೊಂದೂ ಅವಳ ಕೈ ದಾಟಿ ಬಂದದ್ದು. ಬೇಡ ಎಂದು ಒದ್ದುಬಿಡೋಣ ಎನ್ನಿಸಿತು. ಆದರೆ ನನಗಿರುವುದು ಹೊಟ್ಟೆಕಿಚ್ಚು, ದಡ್ಡತನವಲ್ಲ. ಎತ್ತಿಕೊಂಡೆ. ದಿಬ್ಬ ಹತ್ತಿ ಮಲಗಿದೆ. ಮೊದಲು ಬರಿಗಣ್ಣಿನಲ್ಲಿ ಸುತ್ತ ನೋಡಿ, ಆಮೇಲೆ ಸ್ಕೋಪಿಗೆ ಕಣ್ಣಿಟ್ಟೆ.

ಸೆಲ್ವಿ ಕೆಳಗೆ ಬಯಲಿನಲ್ಲಿದ್ದಳು, ಸಣ್ಣ ಬಂದೂಕು ಹಿಡಿದು. ಒಂದು ಗುಂಡು ಹಾರಿಸಿ ಅಲ್ಲೇ ನಿಂತುಬಿಟ್ಟಳು, ಥೇಟ್ ನನ್ನ ಹಾಗೆ. ಈಗ ಮೇಕೆ ಅವಳು. ಹೇಳದೆ ಕೇಳದೆ ನನ್ನನ್ನು ನಂಬಿ ನಿಂತಿದ್ದಳು. ಅವಳ ಹಿಂದಿನ ಗೋಡೆಯ ಪಕ್ಕದಿಂದ ಒಬ್ಬ ಬರುವುದು ನನಗೆ ಕಂಡಿತು. ಉಸಿರು ಹಿಡಿದೆ. ಬೆರಳು ಗುಂಡಿಯ ಮೇಲಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಕಾದೆ. ಅವನು ಇನ್ನೊಂದು ಹೆಜ್ಜೆ ಬಂದ, ಕಾದೆ. ಬಂದೂಕು ಎತ್ತಿದ, ಆಗಲೂ ಕಾದೆ. ಅದು ಕಲಿತ ವಿದ್ಯೆಯೆಂದು ಹೇಳಿಕೊಳ್ಳಲು ನನಗೆ ಬಹಳ ಆಸೆ.

ಅವನು ಹೊಡೆದ. ಸೆಲ್ವಿ ಮಂಡಿಯೂರಿ ಬಿದ್ದಳು. ಆಮೇಲೆ ನಾನು ಹೊಡೆದೆ, ಅವನೂ ಬಿದ್ದ. ನೆಲಕ್ಕೆ ಬಿದ್ದವರು ಒಡನೆ ಸಾಯುವುದಿಲ್ಲ. ತಂಡದವರು ಹೋಗಿ ಎತ್ತಿದರೆ ಬದುಕುತ್ತಾರೆ. ಎತ್ತಲು ಓಡಿದವನು ಯಾರು ಎಂದುಕೊಂಡಿರಿ? ನನ್ನ ಗಂಡ. ಗುಂಡು ಹಾರುವ ಬಯಲಿನಲ್ಲಿ, ಪ್ರಾಣ ಲೆಕ್ಕಿಸದೆ. ಒಂದು ಉಸಿರಿನಷ್ಟು ತಡ ಮಾಡಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು. ಅವನು ಅವಳ ಪಕ್ಕ ಕೂತು ಎತ್ತುತ್ತಿದ್ದ, ನಾನು ಇಬ್ಬರನ್ನೂ ಎಂಟುಪಟ್ಟು ಹತ್ತಿರದಿಂದ ನೋಡುತ್ತಿದ್ದೆ. ಇದಕ್ಕಿಂತ ಸ್ಪಷ್ಟವಾಗಿ ನನಗೆ ಏನೂ ಕಾಣುವುದು ಬೇಕಿರಲಿಲ್ಲ. ಎಡದಿಂದ ಒಬ್ಬ ಬಂದ, ಕೆಡವಿದೆ. ತೆವಳಿ ಜಾಗ ಬದಲಿಸಿದೆ. ಮರದ ಹಿಂದಿನಿಂದ ಇನ್ನೊಬ್ಬ ಬಂದ, ಅವನನ್ನೂ ಕೆಡವಿದೆ. ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿತ್ತು, ಕೈ ಮಾತ್ರ ಕದಲಲಿಲ್ಲ. ಅವತ್ತು ನಾನು ಹೊಡೆದ ಹಾಗೆ ಹಿಂದೆಂದೂ ಹೊಡೆದಿರಲಿಲ್ಲ. ನಮ್ಮ ತಂಡವೇ ಕೊನೆಗೆ ಉಳಿಯಿತು.

ಬೀರೇಶ ಕುಣಿದ. ಮಾದೇಶ ನನ್ನ ಕಡೆ ನೋಡಿ ತಲೆದೂಗಿದ, ಅವನ ಮಟ್ಟಿಗೆ ಅದು ಸನ್ಮಾನ. ಕಿವಿಯೊಳಗೆ ಸೆಲ್ವಿಯ ದನಿ ಬಂತು. ಅಕ್ಕಾ, ಅವನು ನನ್ನನ್ನು ಹೊಡೆದ ಮೇಲೆ ಎಲ್ಲಿದ್ದಾನೆಂದು ಸರಿಯಾಗಿ ನೋಡಿಕೊಂಡು ಹೊಡೆದೆಯಲ್ಲ, ಈಗ ನಿನಗೆ ಕಾಯಲು ಬಂತಕ್ಕ ಎಂದಳು. ನಿಜವಾಗಿಯೂ ಸಂತೋಷಪಟ್ಟಳು. ಅವಳ ಸಂತೋಷದಲ್ಲಿ ಒಂದು ಕಲ್ಲು ಹುಡುಕಿದೆ, ಸಿಗಲಿಲ್ಲ. ನನಗೆ ಕೊಟ್ಟದ್ದು ಸಾಲದೆಂದು ಹೊಗಳಿಕೆಯನ್ನೂ ಕೊಟ್ಟಳು.

ಆಮೇಲೆ ಕೇಳಿದಳು, ಮರೆತಿದ್ದು ಆಗ ನೆನಪಾದವಳ ಹಾಗೆ. "ಅಕ್ಕ, ನನ್ನ ಬೆರಳಿಗಾಕೋದು ಒಂದು ಅಲ್ಲೇನಾದ್ರೂ ಬಿದ್ದೈತಾ ನೋಡು. ಅದಿಲ್ದೆ ಬೆರಳು ಜಾರ್ತೈತೆ."

ಡಬ್ಬಿ ನನ್ನ ಪಕ್ಕದಲ್ಲೇ ಮಿಷಿನ್ನಿನ ಮೇಲಿತ್ತು. ಮುಚ್ಚಳ ತೆಗೆದು ಚೀಲವನ್ನು ನನ್ನ ಹೆಬ್ಬೆರಳಿಗೆ ತೊಟ್ಟು ನೋಡಿದೆ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಅವಳು ಬಿಟ್ಟುಕೊಡದೆ ನಾನು ಅವಳಿಂದ ಪಡೆದದ್ದು ಅಲ್ಲಿಯವರೆಗೆ ಏನೂ ಇರಲಿಲ್ಲ.

"ಇಲ್ವಲ್ಲ ಸೆಲ್ವಿ," ಎಂದೆ, "ಮನೆಯೆಲ್ಲ ಗುಡ್ಸಿವ್ನಿ, ಎಲ್ಲೂ ಕಾಣ್ಲಿಲ್ಲ."